ಥಂಡಿ ಸಮುದ್ರದ ದಂಡಿಗೆ ಗಾಳ: ನಿಮ್ಮ ಪ್ರಶ್ನಿ, ನಮ್ಮ ಉತ್ತರ

ಹೋದ ಸಂಚಿಕ್ಯಾಗ ಅಮೆರಿಕಾದ ಮ್ಯಾಸಚೂಸೆಟ್ಸ್ ದಂಡಿಗೆ ರಾಡ್ ಹಿಡಕೊಂಡು ಮೀನ ಹಿಡಿಯೋ ಹವ್ಯಾಸದ ಬಗ್ಗೆ ಸಣ್ಣದೊಂದು ಬರದಿದ್ದೆ, ಅದಕ್ಕ ಇಷ್ಟು ಪ್ರಶ್ನಿ ಬರ್ತಾವಂತ ಅನ್ಕೊಂಡಿರಲಿಲ್ಲ. ಸಮುದ್ರ ನೋಡಬೇಕಂದ್ರ ರಾತ್ರಿಯಿಡೀ ಬಸ್ಸಿನಾಗ ಕೂಡಬೇಕಾದ ಊರಿನ ಮಂದಿ ನಾವು. ಆದ್ರ ಈಗ ಕಲಬುರಗಿ, ಬೀದರ, ಯಾದಗಿರಿ ಕಡಿಂದ ಮಗನೋ ಮಗಳೋ ಬಾಸ್ಟನ್ ಕಡಿ ಇರೋ ಮನಿ ಭಾಳ ಆಗ್ಯಾವ, ಬೇಸಿಗಿಗೆ ಅಲ್ಲಿಗೆ ಹೋಗೋ ಅವ್ವ ಅಪ್ಪಂದಿರೂ ಭಾಳ. ನಾನು 11 ವರ್ಷ ಆ ಕಡಿ ಇದ್ದು ವಾಪಸ್ ಬಂದಾಂವ, ಅಲ್ಲಿ ರಜಾ ಸಿಕ್ಕಾಗೆಲ್ಲ ದಂಡಿಗೇ ಇರ್ತಿದ್ದೆ. ಬಂದ ಪ್ರಶ್ನಿಯೊಳಗ ಕೆಲವು ತಗೊಂಡೀನಿ.

ನಾನು, ನಮ್ಮ ಮನಿಯಾಕಿ ಏಪ್ರಿಲ್‌ದಾಗ ಮಗನ ಹತ್ತಿರ ಬಾಸ್ಟನ್‌ಗೆ ಹೊಂಟೀವಿ, ಸೆಪ್ಟೆಂಬರ್ ಮೊದಲ ವಾರ ವಾಪಸ್. ಮಗ ವಾರಕ್ಕೊಮ್ಮೆ ಮೀನ ಹಿಡಿಲಾಕ ಹೋಗ್ತಾನ, ನನಗೂ ಬಾ ಅಂತಾನ. ಯಾವ ತಿಂಗಳಾಗ ಯಾವ ಮೀನ ಸಿಗ್ತದ, ಒಂದು ಪಟ್ಟಿ ಮಾಡಿ ಕೊಡ್ತೀರೇನು? (ನಿವೃತ್ತ ಮಾಸ್ತರು, ಕಲಬುರಗಿ)

ಮಾಸ್ತರ್, ಪಟ್ಟಿ ಕೊಟ್ರ ನಿಮಗ ಮೋಸ ಮಾಡಿದಂಗ ಆಗ್ತದ. ನಮ್ಮ ಕಡಿ ಮಿರಗ ಕೂಡ್ತು ಅಂತ ಪಂಚಾಂಗ ಹೇಳಿದ್ರೂ ಹೊಲ ಹಸಿ ಆಗೋ ತನಕ ಯಾರೂ ತೊಗರಿ ಬಿತ್ತಂಗಿಲ್ಲ ಹೌದಿಲ್ಲೋ, ಅಲ್ಲೂ ಹಂಗೇ. ತಾರೀಖು ನೋಡಬ್ಯಾಡ್ರಿ, ನೀರಿನ ಥಂಡಿ ನೋಡ್ರಿ. ಫೆಬ್ರವರಿದಾಗ ಬಾಸ್ಟನ್ ಹಾರ್ಬರಿನ ನೀರು 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಿರ್ತದ, ಆಗಸ್ಟ್‌ನಾಗ 18-20. ಈ ಎರಡರ ನಡುವಿನ ಏರಿಳಿತದಾಗ ಅಲ್ಲಿಯ ಮೀನಿನ ಕಥಿ ಪೂರಾ ಅದ.

ನೀವು ಏಪ್ರಿಲ್‌ದಾಗ ಹೋಗ್ತೀರಂದ್ರ ಮೊದಲು ಗಾಳ ಮನ್ಯಾಗ ಬಿಟ್ಟು ಹೆರಿಂಗ್ ಮೀನ ನೋಡಲಾಕ ಹೋಗ್ರಿ. ಇವು ಸಮುದ್ರದಾಗ ಬೆಳದು ತತ್ತಿ ಇಡಲಾಕ ಸಿಹಿ ನೀರಿನ ಹೊಳಿ ಹತ್ತಿ ಬರ್ತಾವ. ಬಾಸ್ಟನ್ ಹತ್ತಿರ ಮಿಸ್ಟಿಕ್ ನದಿಯಾಗ ಬರ್ತಾವ, ಕೇಪ್ ಕಾಡ್ ಅಂದ್ರ ಬಾಸ್ಟನ್ ದಕ್ಷಿಣಕ್ಕ ಸಮುದ್ರದಾಗ ಚಾಚಿದ ನೆಲ, ಅಲ್ಲಿಯ ಕೆನಾಲ್ ದಂಡಿಗೆ ಬೋರ್ನ್‌ಡೇಲ್ ಅನ್ನೋ ಜಾಗದಾಗ ಮೆಟ್ಟಲ ಮೆಟ್ಟಲ ಕಟ್ಟಿಸಿದ ಕಾಲಿವಿ ಅದ, ಅದರಾಗ ಒಂದೊಂದು ಮೆಟ್ಟಲಕ್ಕೂ ನಿಂತು ಉಸಿರು ತಗೊಂಡು ಮುಂದಿನ ಮೆಟ್ಟಲಕ್ಕ ಜಿಗಿಯೋದು ಕೈಯಳತಿ ದೂರದಿಂದ ಕಾಣ್ತದ. ಬೆನ್ನು ಹಸರು-ಬೂದಿ, ಹೊಟ್ಟಿ ಬೆಳ್ಳಿ, ಉದ್ದ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಆದ್ರ ಒಂದೂ ಹಿಡಿಯಂಗಿಲ್ಲ, 2006ರಿಂದ ಆ ರಾಜ್ಯದಾಗ ಹೊಳಿ ಹೆರಿಂಗ್ ಹಿಡಿಯೋದು ಬಂದ್ ಅದ. ಮತ್ಯಾಕ ನೋಡಬೇಕಂದ್ರ, ಇವುಗಳ ಬೆನ್ನಿಗೇ ದೊಡ್ಡ ಮೀನ ಬರ್ತದ.

ಆ ದೊಡ್ಡ ಮೀನ ಸ್ಟ್ರೈಪ್ಡ್ ಬಾಸ್. ಅಲ್ಲಿ ಎಲ್ಲರೂ ಸ್ಟ್ರೈಪರ್ ಅಂತಾರ, ಬೆಳ್ಳಿ ಮೈಮ್ಯಾಲ ತಲಿಯಿಂದ ಬಾಲದ ತನಕ ಏಳೆಂಟು ಕರೀ ಗೆರಿ, ನೋಟ್‌ಬುಕ್ಕಿನ ಗೆರಿ ಹಾಕಿದಂಗ. ಇವು ಹೆಚ್ಚಾಗಿ ದಕ್ಷಿಣದ ಚೆಸಪೀಕ್ ಕೊಲ್ಲಿಯ ಹೊಳಿಗಳಾಗ, ಮತ್ತ ನ್ಯೂಯಾರ್ಕ್ ಕಡಿ ಹಡ್ಸನ್ ನದಿಯಾಗ ಹುಟ್ಟಿ, ನೀರು ಬೆಚ್ಚಗಾದಂಗ ದಂಡಿ ಹಿಡಕೊಂಡು ಉತ್ತರಕ್ಕ ನೂರಾರು ಮೈಲಿ ಬರ್ತಾವ. ನೀರು 10 ಡಿಗ್ರಿ ದಾಟಿ 12-13ಕ್ಕ ಬಂತಂದ್ರ ಮ್ಯಾಸಚೂಸೆಟ್ಸ್ ದಂಡಿಗೆ ಮುಟ್ಟಿದವು ಅಂತ ತಿಳೀರಿ, ಅದು ಬಹುತೇಕ ಮೇ ಮೊದಲ ಎರಡು ವಾರ. ಅಲ್ಲಿಯ ಹಳೇ ಮೀನುಗಾರರು ಅಂಗಳದಾಗ ಲೈಲಾಕ್ ಗಿಡ ಹೂ ಬಿಟ್ಟಿತಂದ್ರ ಸ್ಟ್ರೈಪರ್ ಬಂತು ಅಂತಾರ, ನನಗ ಇದು ಭಾಳ ಸೇರ್ತದ ಯಾಕಂದ್ರ ನಮ್ಮ ಹಿರೀರು ಬೇವಿನ ಹೂವು, ಗಾಳಿ ದಿಕ್ಕು ನೋಡಿ ಮಳಿ ಹೇಳಿದಂಗೇ ಅದು. ಗಿಡಕ್ಕೂ ಮೀನಕ್ಕೂ ಸಂಬಂಧ ಏನಂದ್ರ ಅದೇ ಬಿಸಿಲು, ಅದೇ ಬೆಚ್ಚಗಾಗೋದು. ಇಲ್ಲಿ ಕಲಬುರಗಿದಾಗ ಮೇ ತಿಂಗಳು 42-43 ಡಿಗ್ರಿ ಬಿಸಲಾಗ ಮಂದಿ ಮನಿ ಬಿಟ್ಟು ಹೊರಗ ಬರದಾಗ ಅಲ್ಲಿ 12 ಡಿಗ್ರಿ ನೀರಿನಾಗ ತೊಡಿತನಕ ನಿಂತು ರಾಡ್ ಬೀಸ್ತಿರ್ತೀರಿ, ಸ್ವೆಟರ್ ಒಯ್ರಿ ಮಾಸ್ತರ್.

ಮೇದಾಗ ಮೊದಲು ಸಣ್ಣವು ಬರ್ತಾವ, ಆಮ್ಯಾಲ ದೊಡ್ಡವು. ಅದೇ ಹೊತ್ತಿಗೆ ಮ್ಯಾಕೆರೆಲ್ ಹಿಂಡು ಹಿಂಡು ಬರ್ತದ, ಕೇಪ್‌ನ ದಕ್ಷಿಣ ಕಡಿ ನೀರಿನಾಗ ಸ್ಕ್ವಿಡ್ (ನಮ್ಮ ಕರಾವಳಿ ಕಡಿ ಬೊಂಡಾಸ ಅಂತಾರಲ್ಲ, ಅದು) ಬರ್ತದ, ರಾತ್ರಿ ಪಿಯರ್ ಅಂದ್ರ ಸಮುದ್ರದಾಗ ಚಾಚಿದ ಕಟ್ಟಿ ಮ್ಯಾಲ ಲೈಟ್ ಹಚ್ಚಿ ಹಿಡೀತಾರ. ಜೂನ್ ಅಂದ್ರ ಭರ್ತಿ ಸುಗ್ಗಿ. ಜುಲೈ, ಆಗಸ್ಟ್ ಬಂತು, ಅಂದ್ರ ನಮ್ಮ ಆಷಾಢ ಶ್ರಾವಣ, ದಂಡಿ ನೀರು ಕಾದು ಸ್ಟ್ರೈಪರ್ ಹಗಲಿನಾಗ ಬಾಯಿ ಹಚ್ಚಂಗಿಲ್ಲ, ಆಳಕ್ಕೋ ಥಂಡಿ ನೀರಿಗೋ ಹೋಗ್ತದ, ಆವಾಗ ರಾತ್ರಿ 10ರಿಂದ ಬೆಳಗಿನ 5ರ ತನಕ ಹೋಗೋರಿಗೆ ಮಾತ್ರ ಸಿಗ್ತದ. ಹಗಲಿನಾಗ ಮೊಮ್ಮಕ್ಕಳ ಜೋಡಿ ಸ್ಕಪ್ ಅನ್ನೋ ಸಣ್ಣ ಮೀನ ಹಿಡೀರಿ, ಫ್ಲೂಕ್ ಅಂತ ಚಪ್ಪಟಿ ಮೀನ ಅದ, ಎರಡೂ ಕಣ್ಣು ಒಂದೇ ಕಡಿ ಇರ್ತಾವ, ಉಸುಕಿನಾಗ ಹೂತ್ಕೊಂಡು ಕೂತಿರ್ತದ. ಬ್ಲೂಫಿಶ್ ಸಿಗ್ತದ, ಅದರ ಹಲ್ಲು ಗರಗಸ ಇದ್ದಂಗ, ಬಾಯಾಗ ಬೆಳ್ಳ ಇಡಬ್ಯಾಡ್ರಿ.

ಈಗ ನಿಮಗ ಒಂದು ಮಾತು ಹೇಳ್ತೀನಿ. ಟಿಕೆಟ್ ಇನ್ನೂ ತಗೊಂಡಿಲ್ಲಂದ್ರ ಮೇ ಮೊದಲ ವಾರ ಹೋಗಿ ಅಕ್ಟೋಬರ್ ಮಧ್ಯಕ್ಕ ಬರ್ರಿ. ಸೆಪ್ಟೆಂಬರ್ ಮೊದಲ ವಾರ ವಾಪಸ್ ಬರೋದಂದ್ರ ಮದವಿಗೆ ಹೋಗಿ ಊಟಕ್ಕ ಮೊದಲೇ ಎದ್ದು ಬಂದಂಗ. ಸೆಪ್ಟೆಂಬರ್ ಮಧ್ಯದಿಂದ ನೀರು ತಣ್ಣಗಾಗಲಾಕ ಶುರು ಆಗ್ತದ, ಬೇಸಿಗಿ ಪೂರಾ ಹಿನ್ನೀರಿನಾಗ, ಹೊಳಿ ಬಾಯಾಗ ಬೆಳದ ಬೆಳ್ಳುದ್ದ ಮರಿ ಮೀನ ಲಕ್ಷಗಟ್ಟಲೆ ಹೊರಗ ಸಮುದ್ರಕ್ಕ ಹೊಂಡ್ತಾವ, ಅದು ಗೊತ್ತಿದ್ದ ಸ್ಟ್ರೈಪರ್, ಬ್ಲೂಫಿಶ್, ಫಾಲ್ಸ್ ಅಲ್ಬಕೋರ್ ಎಲ್ಲಾ ಬಾಗಲಿಗೇ ಕಾದು ನಿಂತಿರ್ತಾವ. ದಕ್ಷಿಣಕ್ಕ ಹೋಗೋ ಮೊದಲು ಮೈಗೆ ಕೊಬ್ಬು ಮಾಡ್ಕೋಬೇಕಲ್ಲ. ನೀರು ಕುದ್ದಂಗ ಕಾಣ್ತದ, ಮ್ಯಾಲ ಹಕ್ಕಿ ಕಿರಚ್ತಾವ, ಮರಿ ಮೀನ ಹೆದರಿ ಉಸುಕಿನ ಮ್ಯಾಲೇ ಜಿಗದು ಬಂದು ಕಾಲಾಗ ಬೀಳ್ತಾವ. ಹತ್ತು ನಿಮಿಷ ಇರ್ತದ, ಆಮ್ಯಾಲ ಏನೂ ಆಗೇ ಇಲ್ಲ ಅನ್ನೋವಂಗ ನೀರು ಸಪಾಟು. ಅದನ್ನ ಒಮ್ಮಿ ನೋಡಿದ್ರ ದಸರಾ ಹಬ್ಬಕ್ಕ ಮನ್ಯಾಗ ಇಲ್ಲ ಅನ್ನೋ ಬ್ಯಾಸರ ನಿಮಗ ಇರಂಗಿಲ್ಲ.

ಭೀಮಾ ಹೊಳ್ಯಾಗ ಸಣ್ಣಾಂವ ಇದ್ದಾಗಿಂದ ಗಾಳ ಹಾಕ್ತೀನಿ, ರೋಹು, ಕಟ್ಲಾ ಹಿಡಿದೀನಿ. ನನ್ನ ರಾಡ್ ರೀಲ್ ಅಲ್ಲಿಗೆ ಒಯ್ದ್ರ ನಡೀತದೇನ್ರಿ? (ಯಾದಗಿರಿಯ ಒಬ್ಬರು)

ಅಣ್ಣಾರ, ಕೈಗುಣ ಒಯ್ರಿ, ಸಾಮಾನು ಬಿಡ್ರಿ. ಭೀಮಾದಾಗ ಎಳತ ಕಂಡು ತಾಳ್ಮಿಲೆ ಕೂತಾಂವಗ ಅಲ್ಲಿ ಕಲಿಯೋದು ಅರ್ಧ ಕಡಿಮಿ. ಆದ್ರ ಉಪ್ಪು ನೀರು ಬ್ಯಾರೇನೇ ವೈರಿ. ನಾನು ಮೊದಲನೇ ವರ್ಷ ಅಲ್ಲಿ ಒಂದು ಅಂಗಡ್ಯಾಗ ಸೋವಿ ರೀಲ್ ತಗೊಂಡಿದ್ದೆ, ಅದು ಕೆರಿ ಮೀನಿಗೆ ಮಾಡಿದ್ದು ಅಂತ ಅಂಗಡಿಯಾಂವ ಹೇಳಲಿಲ್ಲ, ನನಗೂ ಕೇಳಬೇಕಂತ ತಿಳೀಲಿಲ್ಲ. ಮೂರನೇ ವಾರಕ್ಕ ಹ್ಯಾಂಡಲ್ ತಿರುಗಿಸಿದ್ರ ಕರ್ ಕರ್ ಅಂತ ಉಸುಕು ಅರದಂಗ ಸದ್ದು, ಬಿಚ್ಚಿ ನೋಡಿದ್ರ ಒಳಗ ಬೇರಿಂಗ್ ಪೂರಾ ಕೆಂಪಗ ತುಕ್ಕು. ಅವತ್ತಿನಿಂದ ಒಂದು ನೇಮ, ಎಷ್ಟೇ ದಣಿದು ಬಂದ್ರೂ ರಾಡ್ ರೀಲ್ ಎರಡಕ್ಕೂ ಸಿಹಿ ನೀರು ಚಿಮುಕಿಸಿ ಒರಸಿ ಆಮ್ಯಾಲ ನನ್ನ ಊಟ. ನೀರು ಚಿಮುಕಿಸಬೇಕು, ಜೋರ್ ಪೈಪ್ ಹಿಡಿದ್ರ ಉಪ್ಪು ಒಳಗ ಹೋಗ್ತದ.

ದಂಡಿಯಿಂದ ಸ್ಟ್ರೈಪರ್‌ಗೆ 9 ಅಥವಾ 10 ಅಡಿ ರಾಡ್, 5000 ಸೈಜಿನ ಸಮುದ್ರದ ರೀಲ್, 30 ಪೌಂಡ್ ಎಳತ ತಾಳೋ ಬ್ರೇಡ್ ಅಂದ್ರ ಹೆಣದ ದಾರ, ಅದರ ತುದಿಗೆ ಗಾಳ ಕಟ್ಟಲಾಕ ಒಂದು ಮಾರು 30-40 ಪೌಂಡಿನ ಫ್ಲೋರೋಕಾರ್ಬನ್ ದಾರ, ಅದಕ್ಕ ಲೀಡರ್ ಅಂತಾರ, ಇಷ್ಟಿದ್ರ ಸಾಕು. ಬ್ಲೂಫಿಶ್ ಬಂದಾವ ಅಂತ ಗೊತ್ತಿದ್ರ ಲೀಡರ್ ತುದಿಗೆ ಸಣ್ಣ ತಂತಿ ಹಾಕ್ರಿ. ಮತ್ತ ಡ್ರ್ಯಾಗ್. ಇದು ಭೀಮಾದ ಗಾಳಕ್ಕ ಇರಂಗಿಲ್ಲ, ಕೈಲೇ ದಾರ ಬಿಡ್ತೀವಿ. ರೀಲಿನ ಮ್ಯಾಲ ಒಂದು ತಿರುಪು ಇರ್ತದ, ಮೀನ ಜೋರ್ ಎಳದ್ರ ಎಷ್ಟು ಬಿಗಿಗೆ ದಾರ ಬಿಡಬೇಕು ಅಂತ ಅದು ನೋಡ್ಕೋತದ, ದಾರದ ತಾಕತ್ತಿನ ಮೂರೊಳಗ ಒಂದು ಪಾಲಿಗೆ ಇಡ್ರಿ. ನನ್ನ ಮೊದಲನೇ ದೊಡ್ಡ ಸ್ಟ್ರೈಪರ್ ಹಿಂಗೇ ಹೋಯ್ತು, ಖುಷಿ ಜೋರಾಗಿ ತಿರುಪು ಬಿಗಿ ಮಾಡಿಬಿಟ್ಟೆ, ಟಪ್ ಅಂತ ಒಂದು ಸಪ್ಪಳ, ಆಮ್ಯಾಲ ಗಾಳಿಗೆ ತೇಲೋ ದಾರ. ಇವತ್ತಿಗೂ ಆ ಸಪ್ಪಳ ಕಿವ್ಯಾಗ ಅದ.

ವಿಮಾನದಾಗ ಗಾಳ, ಇಕ್ಕಳ ಏನರ ಒಯ್ತಿದ್ರ ಚೆಕ್-ಇನ್ ಬ್ಯಾಗಿನಾಗ ಹಾಕ್ರಿ, ಕೈಚೀಲದಾಗ ಬ್ಯಾಡ.

ಟೈಡ್ ನೋಡಿ ಹೋಗಬೇಕು ಅಂತ ಬರದಿದ್ರಿ. ನಮಗ ಸಮುದ್ರದ ಉಬ್ಬರ ಇಳಿತ ಪುಸ್ತಕದಾಗ ಓದಿದ್ದಷ್ಟೇ, ಬಿಡಿಸಿ ಹೇಳ್ರಿ. (ಬೀದರ, ಕಾಲೇಜು ವಿದ್ಯಾರ್ಥಿ)

ಛಲೋ ಕೇಳಿದಿ ತಮ್ಮಾ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕ ಹತ್ತತ್ರ 12 ತಾಸು 25 ನಿಮಿಷ, ಅಂದ್ರ ದಿನಕ್ಕ ಎರಡು ಸಲ ಏರ್ತದ, ಎರಡು ಸಲ ಇಳೀತದ, ಮತ್ತ ದಿನಾ 50 ನಿಮಿಷ ಮುಂದಕ್ಕ ಹೋಗ್ತದ. ಇವತ್ತು ಬೆಳಿಗ್ಗಿ 5ಕ್ಕ ಉಬ್ಬರ ಇದ್ರ ನಾಳೆ 5:50ಕ್ಕ. ಚಂದ್ರ ದಿನಾ ಅಷ್ಟು ತಡಾ ಹುಟ್ತಾನಲ್ಲ, ಅದೇ ಲೆಕ್ಕ. ಅಮಾಸಿ ಹುಣ್ಣಿವಿಗೆ ಸೂರ್ಯ ಚಂದ್ರ ಒಂದೇ ಗೆರಿಗೆ ಬಂದು ಎಳೀತಾರ, ಉಬ್ಬರ ಭಾಳ ಎತ್ತರ, ಇಳಿತ ಭಾಳ ಕೆಳಗ, ನೀರಿನ ಓಟ ಜೋರು. ಅಷ್ಟಮಿ ಹೊತ್ತಿಗೆ ಎಳತ ಅಡ್ಡಡ್ಡ ಆಗಿ ಎಲ್ಲಾ ಸಪ್ಪಗ. ನಮ್ಮ ಅಜ್ಜಿ ಕೈಯಾಗಿನ ಪಂಚಾಂಗ ಅಲ್ಲಿ ಮೀನುಗಾರಗ ನೇರ ಉಪಯೋಗ ಬೀಳ್ತದ, ನಾನು ಗೋಡಿಗೆ ಕಲಬುರಗಿಯಿಂದ ಒಯ್ದ ಕ್ಯಾಲೆಂಡರ್ ಹಾಕಿ ಅಮಾಸಿ ನೋಡೇ ರಜಾ ಹಾಕ್ತಿದ್ದೆ.

ಬಾಸ್ಟನ್‌ನಾಗ ಉಬ್ಬರಕ್ಕೂ ಇಳಿತಕ್ಕೂ ಸರಾಸರಿ ಹತ್ತತ್ರ 3 ಮೀಟರ್ ಫರಕು, ಕೇಪ್‌ನ ದಕ್ಷಿಣ ಕಡಿ ಅದಕ್ಕಿಂತ ಭಾಳ ಕಡಿಮಿ. ಮೀನಿಗೆ ಇದ್ಯಾಕ ಬೇಕಂದ್ರ, ನೀರು ಓಡಿದಾಗ ಸಣ್ಣ ಮೀನ ಈಜಲಾಕ ಹೈರಾಣ ಆಗ್ತದ, ದೊಡ್ಡದು ಕಲ್ಲಿನ ಮರೀಗೆ ನಿಂತು ಬಾಯಿ ತಗದ್ರ ಸಾಕು, ಊಟ ತಾನೇ ಬರ್ತದ. ನೀರು ನಿಂತ್ರ ಮೀನೂ ಸುಮ್ಮ ಆಗ್ತದ.

ಇದನ್ನ ಕಣ್ಣಿಲೆ ನೋಡಬೇಕಂದ್ರ ಕೇಪ್ ಕಾಡ್ ಕೆನಾಲ್ ನೋಡಬೇಕು. 1914ರಾಗ ಶುರು ಆದ ಕೆನಾಲ್, ಹತ್ತತ್ರ 7 ಮೈಲಿ ಉದ್ದ, ಎರಡು ಕೊಲ್ಲಿ ನಡುವ ತೋಡಿದ್ದು. ಎರಡೂ ಕಡಿ ಉಬ್ಬರ ಬ್ಯಾರೆ ಬ್ಯಾರೆ ಹೊತ್ತಿಗೆ, ಎತ್ತರನೂ ಬ್ಯಾರೆ, ಹಿಂಗಾಗಿ ನೀರು ಆರು ತಾಸು ಆ ಕಡಿ, ಆರು ತಾಸು ಈ ಕಡಿ ಮಳಿಗಾಲದ ಭೀಮಾ ಹರದಂಗ ಹರೀತದ. ದಿಕ್ಕು ಬದಲಾಗೋ ಮುಂದ ಕೆಲವು ನಿಮಿಷ ನೀರು ನಿಂತು ಬಿಡ್ತದ, ಅದರ ಹಿಂದ ಮುಂದ ಅರ್ಧ ತಾಸಿನಾಗ ಮೀನ ಹತ್ತೋದು ಜಾಸ್ತಿ. ಅಲ್ಲಿ ಬೋಟಿನಿಂದ ಮೀನ ಹಿಡಿಯಂಗಿಲ್ಲ, ದಂಡಿಯಿಂದನೇ. ದಂಡಿಗುಂಟ ಡಾಂಬರ್ ದಾರಿ ಅದ, ಕಾರ್ ಬಿಡಂಗಿಲ್ಲ, ಅದಕ್ಕ ಎಲ್ಲರೂ ಸೈಕಲ್ಲಿಗೆ ಪ್ಲಾಸ್ಟಿಕ್ ಪೈಪ್ ಕಟ್ಟಿ ಅದರಾಗ ರಾಡ್ ನಿಲ್ಲಿಸಿ ಬರ್ತಾರ. ಬೆಳಗಿನ 3 ಗಂಟೆಗೆ ಕತ್ತಲಾಗ ಸಾಲಾಗಿ ಬರೋ ಸೈಕಲ್, ಹಣಿಮ್ಯಾಲಿನ ಲೈಟು, ಯಾರೂ ಜೋರ್ ಮಾತಾಡಂಗಿಲ್ಲ. ನಮ್ಮ ಕಲಬುರಗಿ ಶರಣಬಸವೇಶ್ವರ ಅಪ್ಪನ ಜಾತ್ರಿಗೆ ನಸುಕಿನಾಗ ಹಳ್ಳಿಗಳಿಂದ ನಡಕೊಂಡು ಬರೋ ಮಂದಿ ನೆನಪಾಗ್ತಿದ್ರು ನನಗ.

ಲೈಸೆನ್ಸ್ ಬೇಕೇನು? ನನಗ 63, ಟೂರಿಸ್ಟ್ ವೀಸಾ. (ಆಳಂದ)

ಬೇಕು ಕಾಕಾ. 16 ವರ್ಷ ಆದೋರಿಗೆಲ್ಲ ಉಪ್ಪು ನೀರಿನ ಪರ್ಮಿಟ್ ಬೇಕು, ಪ್ರವಾಸಿಗೂ ಬೇಕು. 60 ದಾಟಿದೋರಿಗೆ ಫೀಸ್ ಇಲ್ಲ, ಆದ್ರ ಪರ್ಮಿಟ್ ತಗೊಳ್ಳೇಬೇಕು, ಆನ್‌ಲೈನ್‌ನಾಗ ಸಿಗ್ತದ, ಜನವರಿಯಿಂದ ಡಿಸೆಂಬರ್ ತನಕ ನಡೀತದ. ಸಿಹಿ ನೀರಿನ ಕೆರಿಗೆ ಬ್ಯಾರೆ ಲೈಸೆನ್ಸ್, ಒಂದಕ್ಕೊಂದು ನಡಿಯಂಗಿಲ್ಲ.

ಅದಕ್ಕಿಂತ ಮುಖ್ಯ ಅಳತಿ ಪಟ್ಟಿ. ಸ್ಟ್ರೈಪರ್ ಮನಿಗೆ ಒಯ್ಯಬೇಕಂದ್ರ 28 ಇಂಚಿಗಿಂತ ಸಣ್ಣದು ಇರಬಾರದು, 31 ಇಂಚು ಮುಟ್ಟಿರಲೂಬಾರದು, ಆ ಮೂರು ಇಂಚಿನ ನಡುವ ಇದ್ದದ್ದು ಒಬ್ಬರಿಗೆ ದಿನಕ್ಕ ಒಂದು. ಬಾಯಿ ಮುಚ್ಚಿಸಿ, ಬಾಲದ ಎರಡು ತುದಿ ಕೂಡಿಸಿ ಹಿಡಿದು ಅಳೀಬೇಕು. ಜೀವಂತ ಇಲ್ಲಾ ಸತ್ತ ಮೀನ ಎರಿ ಹಾಕಿದ್ರ ಸರ್ಕಲ್ ಹುಕ್ಕೇ ಇರಬೇಕು, ಅದರ ಮೂತಿ ಒಳಗ ಮಡಚಿರ್ತದ, ಹಿಂಗಾಗಿ ಗಂಟಲಾಗ ಇಳಿಯದ ಬಾಯಿ ಮೂಲಿಗೆ ಹತ್ತಿ ಕೂಡ್ತದ. ಜಗ್ಗಿದ್ದು ಕಂಡ ಕೂಡ್ಲೇ ನಮ್ಮ ರೂಢಿಯಂಗ ರಪ್ ಅಂತ ಎತ್ತಬ್ಯಾಡ್ರಿ, ಸುಮ್ಮ ರೀಲ್ ತಿರುಗಿಸ್ರಿ, ತಾನೇ ಹತ್ತತದ. ಈ ನಿಯಮ ಆಗಾಗ ಬದಲಾಗ್ತಾವ, ಹೋಗೋ ಮುಂದ ಆ ರಾಜ್ಯದ ಮೀನುಗಾರಿಕಿ ಇಲಾಖೆ ಸೈಟ್ ಮಗನ ಕೈಲೆ ತಗಸಿ ನೋಡ್ರಿ.

ನಮ್ಮ ಅಳಿಯ ಮೀನ ಹಿಡಿದು ಫೋಟೋ ತಗೊಂಡು ವಾಪಸ್ ನೀರಿಗೆ ಬಿಡ್ತಾನ. ತಿನ್ನಲಾಕ ಹಿಡಿಯೋದು ತಿಳೀತದ, ಆಟಕ್ಕ ಗಾಳ ಚುಚ್ಚಿ ಬಿಡೋದು ಪಾಪ ಅಲ್ಲೇನ್ರಿ? (ಸೇಡಂ, ಗೃಹಿಣಿ)

ಅಕ್ಕಾರ, ಈ ಪ್ರಶ್ನಿ ನಾನೂ ನನಗ ಭಾಳ ರಾತ್ರಿ ಕೇಳ್ಕೊಂಡೀನಿ, ಅದಕ್ಕ ಹಗುರಾಗಿ ಉತ್ತರ ಕೊಡಂಗಿಲ್ಲ. ಗಾಳ ಚುಚ್ಚಿದ್ರ ಮೀನಿಗೆ ತ್ರಾಸ ಆಗ್ತದ, ಅದು ಖರೇ. ಬಿಟ್ಟ ಮೀನ ಎಲ್ಲಾ ಬದುಕಂಗಿಲ್ಲ, ಅದೂ ಖರೇ, ಅಲ್ಲಿಯ ಸರ್ಕಾರಿ ಲೆಕ್ಕದಾಗ ಬಿಟ್ಟ ಸ್ಟ್ರೈಪರ್‌ನಾಗ ನೂರಕ್ಕ 9 ಸಾಯ್ತಾವ ಅಂತ ಹಿಡೀತಾರ.

ಆದ್ರ ಬಿಡೋ ಪದ್ಧತಿ ಯಾಕ ಬಂತು ಕೇಳ್ರಿ. 1970ರ ದಶಕದ ಕೊನಿಗೆ, 80ರ ದಶಕದಾಗ ಈ ಮೀನ ಹೆಚ್ಚುಕಡಿಮಿ ಮುಗದೇ ಹೋಗಿತ್ತು, ಸಿಕ್ಕಿದ್ದೆಲ್ಲ ಹಿಡಿದು ಮಾರಿ, ಹುಟ್ಟೋ ಹೊಳಿ ಹೊಲಸಾಗಿ. 1984ರಾಗ ಅಮೆರಿಕಾ ಸಂಸತ್ತು ಇದಕ್ಕೇ ಅಂತ ಒಂದು ಕಾಯ್ದೆ ಮಾಡ್ತು, ಕೆಲವು ರಾಜ್ಯ ಪೂರಾ ಬಂದ್ ಮಾಡಿದವು, ದಂಡಿ ಮಂದಿ ವರ್ಷಗಟ್ಟಲೆ ಕೈ ಕಟ್ಟಿ ಕೂತ್ರು, 1995ಕ್ಕ ಮೀನ ವಾಪಸ್ ಬಂತು ಅಂತ ಘೋಷಣಾ ಆಯ್ತು. ಈಗ ಮತ್ತ ಚಿಂತಿ ಶುರು ಆಗ್ಯಾದ, 2019ರಿಂದ ಈಚೆಗೆ ಚೆಸಪೀಕ್‌ನಾಗ ವರ್ಷಾ ವರ್ಷಾ ಮರಿ ಕಡಿಮಿ ಹುಟ್ಲತ್ತಾವ. ದೊಡ್ಡ ಮೀನ ಬಹುತೇಕ ಹೆಣ್ಣು ಇರ್ತಾವ, ದೊಡ್ಡದಾದಷ್ಟು ತತ್ತಿ ಜಾಸ್ತಿ, ಅದಕ್ಕೇ 31 ಇಂಚು ಮುಟ್ಟಿದ್ದನ್ನ ಬಿಡಬೇಕು ಅಂತ ಕಾನೂನು. ಅಂದ್ರ ನಿಮ್ಮ ಅಳಿಯ ಬಿಡೋದು ಭಾಳ ಸಲ ಶೋಕಿಗಲ್ಲ, ಬಿಡಲೇಬೇಕು.

ಬಿಡೋದನ್ನ ನೆಟ್ಟಗ ಮಾಡ್ತಾನೋ ಇಲ್ಲೋ ಅದನ್ನ ಕೇಳ್ರಿ ಅಕ್ಕಾರ. ಒಣ ಕೈಲೆ ಮುಟ್ಟಿದ್ರ ಮೈಮ್ಯಾಲಿನ ಲೋಳಿ ಕಿತ್ತು ಬರ್ತದ, ಆಮ್ಯಾಲ ಅದಕ್ಕ ರೋಗ ಹತ್ತತದ, ಅದಕ್ಕ ಮೊದಲು ಕೈ ನೀರಿನಾಗ ತೋಯಿಸಬೇಕು. ಕೆಳಗಿನ ದವಡಿ ಹಿಡಿದು ಗಂಟಿಯಂಗ ಜೋತು ಬಿಡಬಾರದು, ಇನ್ನೊಂದು ಕೈ ಹೊಟ್ಟಿ ಕೆಳಗ ಇರಬೇಕು. ಗಾಳದ ಮುಳ್ಳು ಇಕ್ಕಳಲೆ ಮೊದಲೇ ಒತ್ತಿಟ್ರ ಕ್ಷಣದಾಗ ಬಿಡ್ತದ. ಆಮ್ಯಾಲ ನೀರಿನಾಗ ಬಾಲದ ಬುಡ ಹಿಡಿದು ನೆಟ್ಟಗ ನಿಲ್ಲಿಸ್ಬೇಕು, ಕಿವಿರು ತಗದು ಮುಚ್ಚೋದು ಕಾಣ್ತದ, ಮೊದಲು ಸಾವಕಾಶ, ಆಮ್ಯಾಲ ಜೋರು, ಮುಷ್ಟಿಯೊಳಗ ಬಾಲ ಒಮ್ಮೆಲೇ ಬಿಗಿ ಆಗ್ತದ, ಆವಾಗ ಕೈ ತಗದ್ರ ಬಾಣ ಬಿಟ್ಟಂಗ ಹೋಗ್ತದ, ಮಾರಿಗೆ ನೀರು ಹಾರಿಸಿ. ಆಗಸ್ಟ್‌ನಾಗ ನೀರು ಕಾದಾಗ ಬಿಟ್ಟ ಮೀನ ಸಾಯೋದು ಜಾಸ್ತಿ, ನಾನು ಆ ತಿಂಗಳಾಗ ಹಗಲು ಸ್ಟ್ರೈಪರ್ ಬೆನ್ನು ಹತ್ತೋದೇ ಬಿಟ್ಟಿದ್ದೆ. ಅಳಿಯಗೂ ಹೇಳ್ರಿ, ನಿಮ್ಮ ಮಾತು ಕೇಳ್ತಾನ. ತಿನ್ನಲಾಕ ಒಂದು ಒಯ್ದ್ರೂ ತಪ್ಪಿಲ್ಲ, ಫೋಟೋ ಸಲುವಾಗಿ ಐದೈದು ನಿಮಿಷ ದಂಡಿಮ್ಯಾಲ ಒದ್ದಾಡಿಸೋದು ಮಾತ್ರ ನನಗೂ ಪಾಪ ಅಂತನೇ ಅನಸ್ತದ.

ಮೊಮ್ಮಕ್ಕಳ ಜೋಡಿ ಹೋಗಿ ಹಿಡಿದು ಮನ್ಯಾಗ ಅಡಗಿ ಮಾಡುವಂಥ ಮೀನ ಯಾವವು? (ಕಲಬುರಗಿ)

ಸ್ಕಪ್ ಮತ್ತ ಮ್ಯಾಕೆರೆಲ್. ಪಿಯರ್ ಮ್ಯಾಲ ಕುರ್ಚಿ ಹಾಕ್ಕೊಂಡು ಕೂಡ್ರಿ, ಸಣ್ಣ ಗಾಳಕ್ಕ ಸ್ಕ್ವಿಡ್ ತುಂಡು ಸಿಗಿಸಿ ತಳಕ್ಕ ಬಿಟ್ರ ಸ್ಕಪ್ ಹುಡುಗರಿಗೆ ಬ್ಯಾಸರ ಆಗದಷ್ಟು ಸಿಗ್ತಾವ, ಅದಕ್ಕೂ ಅಳತಿ ಅದ, ನೋಡ್ಕೋರಿ. ಎಲುಬು ಜಾಸ್ತಿ, ಹಂಗಂತ ಇಡೀ ಮೀನಿಗೆ ಓರಿ ಗೀರು ಹಾಕಿ ಖಾರ, ಬಳ್ಳೊಳ್ಳಿ, ಉಪ್ಪು, ಹುಣಚಿಹಣ್ಣಿನ ರಸ ತಿಕ್ಕಿ ಹೆಂಚಿನ ಮ್ಯಾಲ ಕರದ್ರ ಜ್ವಾಳದ ರೊಟ್ಟಿ ಜೋಡಿ ಭಾರಿ ಆಗ್ತದ. ಮ್ಯಾಕೆರೆಲ್ ಅಂದ್ರ ನಮ್ಮ ಮಂಗಳೂರು ಕಡಿ ಬಂಗುಡೆಯ ದಾಯಾದಿ, ಎಣ್ಣಿ ಅಂಶ ಜಾಸ್ತಿ, ಹಿಡಿದ ಕೂಡ್ಲೇ ಐಸಿನಾಗ ಇಡಬೇಕು. ಬ್ಲೂಫಿಶ್ ಕೆಟ್ಟ ವಾಸನಿ ಅಂತ ಮಂದಿ ಬಿಡ್ತಾರ, ಆದ್ರ ಹಿಡಿದ ಕ್ಷಣಕ್ಕ ಕಿವಿರು ಕೊಯ್ದು ರಕ್ತ ಹರಿಸಿ ಐಸಿಗೆ ಹಾಕಿ ಅದೇ ದಿನ ಅಡಗಿ ಮಾಡಿದ್ರ ನನಗಂತೂ ಸ್ಟ್ರೈಪರ್‌ಗಿಂತ ಅದೇ ಪಾಡ ಅನಸ್ತದ.

ಸಮುದ್ರದಾಗ ಶಾರ್ಕ್ ಅವ ಅಂತ, ಮಗಳು ಹೋಗಬ್ಯಾಡ ಅಂತಾಳ. ಅಷ್ಟು ಹೆದರಿಕಿ ಅದೇನು? (ಹುಮನಾಬಾದ)

ಅವ. ಸಮುದ್ರದ ಸಸ್ತನಿ ಕಾಪಾಡೋ 1972ರ ಕಾಯ್ದೆ ಬಂದ ಮ್ಯಾಲ ಅಲ್ಲಿ ಸೀಲ್ ಅನ್ನೋ ಸಮುದ್ರ ಪ್ರಾಣಿ ಹೊಡಿಯೋದು ನಿಂತು ಅವು ಭಾಳ ಆದವು, ಅವುನ್ನ ತಿನ್ನಲಾಕ ದೊಡ್ಡ ಬಿಳಿ ಶಾರ್ಕ್ ಕೇಪ್ ಕಾಡ್‌ನ ಹೊರ ದಂಡಿಗೆ ಬೇಸಿಗಿಯಿಂದ ಅಕ್ಟೋಬರ್ ತನಕ ಬರ್ತಾವ. 2018ರಾಗ ವೆಲ್‌ಫ್ಲೀಟ್ ಊರಿನ ಬೀಚ್‌ನಾಗ ಒಬ್ಬ ಹುಡುಗ ಸತ್ತಾನ. ಆ ಕಡಿ ಸೊಂಟದ ತನಕ ನೀರಿಗೆ ಇಳಿಯಬ್ಯಾಡ್ರಿ, ಸೀಲ್ ಕಂಡಲ್ಲಿ ನಿಲ್ಲಲೇಬ್ಯಾಡ್ರಿ.

ಆದ್ರ ನಾನು ಹೆದರೋದು ಶಾರ್ಕಿಗಲ್ಲ, ಪಾಚಿ ಕಟ್ಟಿದ ಕಲ್ಲಿಗೆ. ಇಳಿತದಾಗ ಹೊರಗ ಕಾಣೋ ಕರೀ ಕಲ್ಲು ಎಣ್ಣಿ ಹಚ್ಚಿದಂಗ ಇರ್ತಾವ. ಒಮ್ಮಿ ಮೇ ತಿಂಗಳಾಗ ಜಾರಿ ಬಿದ್ದೆ, ಎದಿಮಟ ಬರೋ ರಬ್ಬರ್ ವೇಡರ್, ಅಂದ್ರ ನೀರಿಗೆ ಇಳಿಯೋ ಪ್ಯಾಂಟು, ಹಾಕಿದ್ದೆ, ಸೊಂಟಕ್ಕ ಬೆಲ್ಟ್ ಇದ್ದಿದ್ದಕ್ಕ ನೀರು ಕಾಲಿಗೆ ಇಳೀಲಿಲ್ಲ. ಆ ಥಂಡಿ ನೀರು ಎದಿಗೆ ಬಡದ ಕೂಡ್ಲೇ ಉಸಿರು ತಾನೇ ಒಳಗ ಎಳಕೋತದ ನೋಡ್ರಿ, ಬ್ಯಾಡಂದ್ರೂ ನಿಲ್ಲಂಗಿಲ್ಲ, ಮಾರಿ ನೀರಿನಾಗ ಇದ್ರ ಆ ಒಂದು ಉಸಿರಿಗೇ ಮುಗೀತು. ಗೆಳೆಯ ರಾಡ್ ಚಾಚಿ ಎಳಕೊಂಡ. ಅದಕ್ಕ ತಳಕ್ಕ ಮೊಳಿ ಇದ್ದ ಬೂಟು, ಬೆಲ್ಟು, ಲೈಫ್ ಜಾಕೆಟ್, ಜೋಡಿಗೆ ಒಬ್ಬ ಮನಷ್ಯಾ, ಈ ನಾಲ್ಕು ಇಲ್ದ ಹೋಗಬ್ಯಾಡ್ರಿ. ಉಬ್ಬರ ಏರೋ ಮುಂದ ಬಂದ ದಾರಿ ಹಿಂದ ಮುಚ್ಚಿ ಹೋಗ್ತದ, ಅದರ ಮ್ಯಾಲ ಒಂದು ಕಣ್ಣು ಇರಲಿ. ಇಷ್ಟು ಮಾಡಿದ್ರ ಮಗಳಿಗೆ ಧೈರ್ಯಲೆ ಹೇಳಿ ಹೋಗ್ರಿ.

ಇಷ್ಟೆಲ್ಲಾ ದೂರದ್ದು ಯಾಕ, ನಮ್ಮ ಕಾರವಾರದಾಗ ಆಗಂಗಿಲ್ಲೇನು? (ಶಹಾಪುರ)

ಯಾಕ ಆಗಂಗಿಲ್ಲ, ಭೇಷಾಗಿ ಆಗ್ತದ. ಆದ್ರ ಅಲ್ಲಿ ಋತು ನಡಸೋದು ಥಂಡಿ ಅಲ್ಲ, ಮಳಿ. ನೀರು ವರ್ಷಪೂರ್ತಿ ಬೆಚ್ಚಗೇ ಇರ್ತದ, ಮುಂಗಾರಿಗೆ ಸಮುದ್ರ ಏಳ್ತದ, ಯಂತ್ರದ ದೋಣಿಗೆ ಜೂನ್ 1ರಿಂದ ಜುಲೈ 31ರ ತನಕ ಬಂದ್. ಅಲ್ಲಿ ಬಂದ್ ಇರೋ ಹೊತ್ತಿನಾಗ ಮ್ಯಾಸಚೂಸೆಟ್ಸ್‌ನಾಗ ಭರ್ತಿ ಸೀಸನ್. ಕಾರವಾರದ ಬಗ್ಗೆ ಅಲ್ಲೇ ಹುಟ್ಟಿ ಬೆಳದೋರ ಕಡಿಂದ ಬರಸಬೇಕು, ಸಂಪಾದಕರಿಗೆ ಹೇಳೀನಿ.

ಚಳಿಗಾಲದಾಗ ಅಲ್ಲಿ ಮೀನ ಹಿಡಿಯೋರು ಏನು ಮಾಡ್ತಾರ? (ಸುರಪುರ)

ದೀಪಾವಳಿ ಮುಗಿಯೋ ಹೊತ್ತಿಗೆ ಸ್ಟ್ರೈಪರ್ ದಕ್ಷಿಣಕ್ಕ ಹೋಗಿ ಆಗಿರ್ತದ. ಆದ್ರ ಕಲ್ಲಿನ ಸಂದ್ಯಾಗ ಟಾಟಾಗ್ ಇರ್ತದ, ಅಕ್ಟೋಬರ್, ನವೆಂಬರ್ ಅದರ ಹೊತ್ತು. ಕರೀ ಮೈ, ದಪ್ಪ ತುಟಿ, ಏಡಿ ಚಿಪ್ಪು ಒಡದು ತಿನ್ನುವಂಥ ಹಲ್ಲು. ಹಸರು ಏಡಿ ಅರ್ಧ ಮುರಿದು ಗಾಳಕ್ಕ ಹಾಕಿ ಕಲ್ಲಿನ ನಡುವ ಇಳಸಬೇಕು, ಮೊದಲು ಟಕ್ ಟಕ್ ಅಂತ ಬಾಗಿಲು ಬಡದಂಗ ಸಣ್ಣ ಪೆಟ್ಟು ಬರ್ತದ, ಆವಾಗ ಎತ್ತಬಾರದು, ಆಮ್ಯಾಲ ಭಾರ ಬಿದ್ದಂಗ ಒಂದು ಎಳತ, ಆವಾಗ ಎತ್ತಬೇಕು, ಮತ್ತ ಕ್ಷಣ ತಡಾ ಮಾಡಿದ್ರ ಸಂದ್ಯಾಗ ಹೊಕ್ಕು ದಾರ ಕೊಯ್ತದ. 16 ಇಂಚಿಗಿಂತ ಸಣ್ಣದು ಬಿಡಬೇಕು. ತಿನ್ನಲಾಕ ಇದರಷ್ಟು ರುಚಿ ಅಲ್ಲಿ ದಂಡಿಗೆ ಯಾವುದೂ ಇಲ್ಲ, ಬೆಳ್ಳಗ, ಗಟ್ಟಿ, ಸಾರಿನಾಗ ಹಾಕಿದ್ರೂ ಒಡಿಯಂಗಿಲ್ಲ.

ಡಿಸೆಂಬರ್ ಬಂತು ಅಂದ್ರ ಬಹುತೇಕ ಬಂದ್. ರೀಲ್ ಬಿಚ್ಚಿ ಗ್ರೀಸ್ ಹಚ್ಚಿ ಇಡ್ತಾರ, ತುಕ್ಕು ಹಿಡದ ಗಾಳ ಬದಲಿ ಮಾಡ್ತಾರ, ಕೆಲವರು ಹಿಮಗಟ್ಟಿದ ಕೆರಿಗೆ ತೂತು ಹೊಡದು ಸಿಹಿ ನೀರಿನ ಮೀನ ಹಿಡೀತಾರ. ನನ್ನ ಎಳಕೊಂಡ ಆ ಗೆಳೆಯ ಇನ್ನೂ ಅಲ್ಲೇ ಇದ್ದಾನ, ಹೋದ ವಾರ ಫೋನ್ ಹಚ್ಚಿದ್ದ, ಇಲ್ಲಿ ಮನಿ ಮುಂದ ಕೂಲರಿಗೆ ನೀರು ಹಾಕ್ಲತ್ತಿದ್ದೆ, ಆರಾಮ ಅದೀಯೇನು ಅಂತ ಕೇಳೋಕಿಂತ ಮೊದಲು ಹೇಳಿದ, ಕೆನಾಲ್‌ನಾಗ ನೀರು 8 ಡಿಗ್ರಿ, ಬೋರ್ನ್‌ಡೇಲ್‌ನಾಗ ಹೆರಿಂಗ್ ಮೆಟ್ಟಲ ಹತ್ಲತ್ತಾವ ಅಂತ.